ಸೀಮೆಸುಣ್ಣ

ಬೆಳಿಗ್ಗೆ ಉದ್ದ ಕೋಲಿನ ತುದಿಗೆ
ಸೀಮೆಸುಣ್ಣ ಸಿಕ್ಕಿಸಿಕೊಂಡು ಹೊರಡುತ್ತೇನೆ.
ಬಗ್ಗಲು ಮಂಡಿ ಒಪ್ಪುವುದಿಲ್ಲ, ಅದಕ್ಕೇ ಕೋಲು.
ನಿಂತ ಕಾರಿನ ಹಿಂದಿನ ಟೈರಿಗೊಂದು ಗೀಟು,
ಎರಡು ಗಂಟೆ ಬಿಟ್ಟು ಬಂದು ನೋಡುವುದು:
ಗೀಟು ಅಲ್ಲೇ ಇದ್ದರೆ ಚೀಟಿ.
ಹತ್ತೊಂಬತ್ತು ವರ್ಷದಿಂದ ಇದೇ.
ಪೆಲ್ಟನ್ ಕ್ರೀಕಿನ ನಾಯಿಗಳಿಗೆ ನನ್ನ ಕಂಡರೆ ಪ್ರೀತಿ,
ಮನುಷ್ಯರ ಮಾತು ಬೇರೆ.

ಹೋದ ತಿಂಗಳು ಟೌನ್ ಹಾಲಿನಲ್ಲಿ
ಡ್ವೈಟ್ ಓಸ್ಟ್‌ಬಿ ನಕ್ಷೆ ಬಿಡಿಸಿದ.
ಹಾರ್ಡ್‌ವೇರ್ ಅಂಗಡಿಯ ಓಸ್ಟ್‌ಬಿ, ಕೌನ್ಸಿಲಿನಲ್ಲಿ ಮೂರನೆಯ ಕುರ್ಚಿ.
ಸೆಕೆಂಡ್ ಸ್ಟ್ರೀಟಿನಿಂದ ರೈಲು ಹಳಿಯ ತನಕ
ಕೆಂಪು ಮಾರ್ಕರಿನಲ್ಲಿ ಒಂದು ಚೌಕ.
"ಇದರೊಳಗೆ ನೂರೆಂಬತ್ತೆರಡು ದಿನ
ಹೊಸ ಹೋಟೆಲಿಲ್ಲ, ಹೊಸ ಬಾರಿಲ್ಲ, ಹೊಸ ಜಿಮ್ಮಿಲ್ಲ.
ಇದ್ದ ಗಿರಾಕಿಗೇ ಕಾರು ನಿಲ್ಲಿಸಲು ಜಾಗವಿಲ್ಲ,
ಇನ್ನಷ್ಟು ಜನರನ್ನು ಕರೆದು ಎಲ್ಲಿ ಕೂರಿಸೋಣ?
ತಾತ್ಕಾಲಿಕ, ಅಷ್ಟೆ."
ತಾತ್ಕಾಲಿಕ ಎಂದೊಡನೆ ಎಲ್ಲರೂ ತಲೆಯಾಡಿಸಿದರು,
ಹಲ್ಲು ಕೀಳುವ ಡಾಕ್ಟರು ಸ್ವಲ್ಪ ಚುರುಕ್ ಅನ್ನುತ್ತೆ ಅಂದಾಗ
ಬಾಯಿ ತೆರೆದುಕೊಂಡೇ ಆಡಿಸುವ ಹಾಗೆ.

ಹಿಂದಿನ ಸಾಲಿನಲ್ಲಿ ಲೂಪೆ ಅರೆಗೀನ್.
ಕೋಟು ಬಿಚ್ಚಿರಲಿಲ್ಲ.
ಹಳೆಯ ಶೂ ಅಂಗಡಿಯ ಕರಾರಿಗೆ ಸಹಿ ಹಾಕಿ ಹನ್ನೊಂದು ದಿನ.
ಒಲೆ ಬಂದಿದೆ. ಬಾಗಿಲಲ್ಲಿ ಹಿಡಿಸದೆ
ಹಿಂದಿನ ಗೋಡೆ ಒಡೆದು ಒಳಗಿಳಿಸಿದ್ದಾರೆ.
ಬನ್ನು, ಕಾಫಿ, ಆರು ಮೇಜು.
ಆ ಆರು ಮೇಜಿನಿಂದಲೇ ಅದು ಹೋಟೆಲು.
ಮೇಜಿಲ್ಲದಿದ್ದರೆ? ಕೇಳಿದಳು.
ವಕೀಲ ಕಾಗದ ತಿರುವಿದ. ನೋಡಬೇಕು, ಅಂದ.
ನೋಡುವುದಕ್ಕೆ ಎಷ್ಟು ದಿನ?
ಅವನು ಮತ್ತೆ ಕಾಗದ ತಿರುವಿದ.

ಆಮೇಲೆ ನನ್ನ ಕಡೆ ತಿರುಗಿದರು:
ವರ್ನಾ, ಒಂದು ವಾರ ಎಣಿಸು,
ಯಾರ ಕಾರು, ಎಷ್ಟು ಹೊತ್ತು. ಚೀಟಿ ಬೇಡ, ಬರೀ ಲೆಕ್ಕ.
ಸೀಮೆ ಅವರದು, ಸುಣ್ಣ ನನ್ನದು.

ಎಣಿಸಿದೆ.
ಚೌಕದೊಳಗೆ ಇನ್ನೂರ ಹದಿನಾಲ್ಕು ಜಾಗ.
ಅಂಗಡಿಗಳ ಬಾಗಿಲು ತೆರೆಯುವ ಮುಂಚೆಯೇ ತೊಂಬತ್ತೊಂದು ಭರ್ತಿ.
ಗಿರಾಕಿಗಳಲ್ಲ, ಅವರಿನ್ನೂ ಮನೆಯಲ್ಲಿ ಮೊಟ್ಟೆ ಬೇಯಿಸುತ್ತಿದ್ದಾರೆ.
ಹೂವಿನಂಗಡಿಯ ವ್ಯಾನು.
ಬ್ಯಾಂಕಿನ ಹುಡುಗಿಯರು ಎರಡು ಗಂಟೆಗೊಮ್ಮೆ ಓಡಿ ಬಂದು
ನಿನ್ನ ಜಾಗಕ್ಕೆ ನಾನು, ನನ್ನ ಜಾಗಕ್ಕೆ ನೀನು.
ಸಲೂನಿನ ಮಿಸೆಸ್ ಹಾಲ್ವರ್ಸನ್
ಒದ್ದೆ ಟವೆಲಿನಿಂದ ಗೀಟು ಒರೆಸುತ್ತಾಳೆ,
ನಾನು ನೋಡದ ಹಾಗೆ ಅವಳು,
ನೋಡಿಯೂ ನೋಡದ ಹಾಗೆ ನಾನು.
ಓಸ್ಟ್‌ಬಿಯ ಪಿಕಪ್ಪು, ಏಳರಿಂದ ಆರರ ತನಕ,
ಓಸ್ಟ್‌ಬಿಯ ಅಂಗಡಿಯ ಬಾಗಿಲೆದುರಿಗೇ.
ಲೈಬ್ರರಿ ಹಿಂದೆ ಜಲ್ಲಿ ಹಾಸಿದ ಬಯಲು,
ಮೂರು ನಿಮಿಷದ ನಡಿಗೆ, ಅರವತ್ತು ಕಾರಿಗೆ ಸಾಕು.
ಅಲ್ಲಿ ಗಾಳಿ ಇಳಿದ ಒಂದು ಬ್ಯೂಕ್,
ಅದರೊಳಗೆ ಬೆಕ್ಕಿನ ಬಾಣಂತನ.

ಕೂಸು ಕಂಕುಳಲ್ಲೇ ಇತ್ತು.
ಊರೆಲ್ಲ ಹುಡುಕುವ ಠರಾವಿಗೆ ಆಗಲೇ ಏಳು ಸಹಿ.

ಲೆಕ್ಕ ಕೊಟ್ಟೆ. ಓಸ್ಟ್‌ಬಿ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡ.
ಮುಂದಿನ ಸಭೆಗೆ ಇಡೋಣ, ಅಂದ.
ಮುಂದಿನ ಸಭೆ ಹಿಮ ಬಿದ್ದು ಮುಂದೆ ಹೋಯಿತು.

ಎಣಿಕೆಯ ವಾರ ಮುಗಿದಿತ್ತಲ್ಲ,
ಗುರುವಾರ ಅವನ ಟೈರಿಗೆ ಗೀಟೆಳೆದೆ.
ಹನ್ನೊಂದಕ್ಕೆ ಬಂದರೆ ಗೀಟು ನನಗಾಗಿ ಕಾಯುತ್ತಿತ್ತು.
ವೈಪರಿನ ಕೆಳಗೆ ಚೀಟಿ ಸಿಕ್ಕಿಸುವಾಗ ಹೊರಗೆ ಬಂದ.
"ಹದಿನೈದು ಡಾಲರು," ಓದಿದ.
"ನೂರೆಂಬತ್ತೆರಡು ದಿನಕ್ಕೆ ಎಷ್ಟಾಯಿತು, ವರ್ನಾ?"
ನಗಲಿಕ್ಕೆ ಕೇಳಿದನೋ ಕಟ್ಟಲಿಕ್ಕೆ ಕೇಳಿದನೋ
ಇವತ್ತಿಗೂ ಗೊತ್ತಿಲ್ಲ.

ರಸ್ತೆಯಾಚೆ ಶೂ ಅಂಗಡಿಯ ಗಾಜಿಗೆ
ಪೇಪರು ಅಂಟಿಸಿಯೇ ಇದೆ, ಅಂಚಿನಲ್ಲಿ ಬೆಳಕು.
ಒಲೆ ತುಕ್ಕು ಹಿಡಿಯಬಾರದೆಂದು ಲೂಪೆ ದಿನವೂ ಬೇಯಿಸುತ್ತಾಳೆ.
ಬಾಗಿಲು ಓರೆ ಮಾಡಿ, ಚಿಪ್ಪಿನ ಗೀರುಗಳಿದ್ದ ಬಿಸಿ ಬನ್ನು ಚಾಚಿದಳು,
ಕೊಂಚಾ ಅನ್ನುತ್ತಾರಂತೆ.
ನನ್ನ ಬೆರಳಿನ ಸುಣ್ಣ ಅದರ ಸಕ್ಕರೆಗೆ ಹತ್ತಿತು.
ಒಳಗಿದ್ದ ಒಂಟಿ ಸ್ಟೂಲಿನ ಕಡೆ ನನ್ನ ಮಂಡಿ ತಾನಾಗಿ ತಿರುಗಿತು.
"ಬೇಡ, ನಿಂತೇ ತಿನ್ನಿ," ಅಂದಳು,
"ಕೂತರೆ ಹೋಟೆಲಾಗುತ್ತೆ."